ಕೀಲ್ ಕೆಳಗಿನ ನೀರು

ಕಳೆದ ಜುಲೈ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡರ ಹೊತ್ತಿಗೆ, ರಮಾಕಾಂತ್ ಅಂಕಲ್ ಅವರ ಹಾಯಿದೋಣಿ ಸ್ವಾನ್ ನದಿಯ ಪಾಯಿಂಟ್ ವಾಲ್ಟರ್ ಬಳಿ ಮರಳಿಗೆ ಹತ್ತಿ ನಿಂತಿತು. ಅಲ್ಲಿ ದಂಡೆಯಿಂದ ನದಿಯ ನಡುವಿನವರೆಗೆ ಉದ್ದನೆಯ ಮರಳುದಿಬ್ಬವೊಂದು ಚಾಚಿಕೊಂಡಿದೆ. ಅದರ ಸ್ವಲ್ಪ ಭಾಗ ನೀರಿನ ಮೇಲೆ ಕಾಣುತ್ತದೆ, ಉಳಿದದ್ದು ಕಾಣುವುದಿಲ್ಲ. ತುದಿಯಲ್ಲಿ ಒಂದು ಗುರುತಿನ ಕಂಬವಿದೆ. ಕಂಬದ ಆಚೆಯಿಂದ ಸುತ್ತಿ ಹೋದರೆ ಅಪಾಯವಿಲ್ಲ. ಆ ದಿನ ಗಾಳಿ ಎದುರಿಗಿತ್ತು, ಸುತ್ತು ಉಳಿಸಲು ಕಂಬದ ಈಚೆಯಿಂದಲೇ ಹೋದೆವು. ದೋಣಿಯಲ್ಲಿ ಮೂವರಿದ್ದೆವು: ಅಂಕಲ್, ಅವರ ಹೆಂಡತಿ ಕಸ್ತೂರಿ ಆಂಟಿ, ಮತ್ತು ಪರ್ತ್ ನಗರದ ಮೋರ್ಲಿ ಬಡಾವಣೆಯಲ್ಲಿ ಅವರ ಎದುರುಮನೆಯವನಾದ ನಾನು.

ನಾನು ಹಾಯಿ ಇಳಿಸುತ್ತಿರುವಾಗಲೇ ಅಂಕಲ್ ಸೊಂಟದ ಮೇಲಿನವರೆಗೆ ಬರುವ ತಣ್ಣೀರಿಗೆ ಇಳಿದು ದೋಣಿಯ ಮೂತಿಗೆ ಭುಜ ಕೊಟ್ಟು ತಳ್ಳಿದರು. ದೋಣಿ ಬಿಡಿಸಿಕೊಂಡಿತು. ಆದರೆ ಅವರಿಗೆ ಮತ್ತೆ ಹತ್ತಲು ಆಗಲಿಲ್ಲ. ನಾವಿಬ್ಬರೂ ಎಳೆದು ಮೇಲೆ ತಂದೆವು. ಉಸಿರು ತಹಬಂದಿಗೆ ಬರಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಆಂಟಿ ಕೈಗಡಿಯಾರ ನೋಡುತ್ತಲೇ ಇದ್ದರು, ಆದ್ದರಿಂದ ನನಗೆ ಈ ಲೆಕ್ಕ ಗೊತ್ತು.

"ಇನ್ಮೇಲೆ ನೀವು ನೀರಿಗೆ ಇಳಿಯಂಗಿಲ್ಲ," ಎಂದರು ಆಂಟಿ.

"ಇಳೀದಿದ್ರೆ ಸಂಜೆ ತನಕ ಇಲ್ಲೇ ಕೂತಿರ್ಬೇಕಾಗಿತ್ತು ಕಣೇ."

"ಕೂತಿರೋಣ. ಡಬ್ಬೀಲಿ ಚಿತ್ರಾನ್ನ ಇತ್ತಲ್ಲ. ನಿಮ್ಮ ಹಾರ್ಟ್ ಎಷ್ಟು ಪಂಪ್ ಮಾಡ್ತಿದೆ, ಹೇಳಿ ನೋಡೋಣ?"

"ಇಪ್ಪತ್ತೆರಡು ಪರ್ಸೆಂಟು."

"ಗೊತ್ತಿದ್ದೂ ಹೀಗೆ ಮಾಡ್ತೀರಲ್ರೀ."

"ಮಿಕ್ಕಿದ್ದನ್ನ ನೀನು ಮಾಡ್ತೀಯಲ್ಲ, ಇನ್ನೇನು ಚಿಂತೆ," ಎಂದು ಅಂಕಲ್ ನಕ್ಕರು. ಆಂಟಿ ನಗಲಿಲ್ಲ.

ಆರೋಗ್ಯವಂತರ ಹೃದಯ ತನ್ನೊಳಗೆ ತುಂಬಿದ ರಕ್ತದಲ್ಲಿ ನೂರಕ್ಕೆ ಸುಮಾರು ಅರವತ್ತು ಭಾಗವನ್ನು ಪ್ರತಿ ಬಡಿತಕ್ಕೂ ಹೊರಗೆ ದೂಡುತ್ತದೆ. ಇದನ್ನು ನನಗೆ ಕಲಿಸಿದವರೇ ಕಸ್ತೂರಿ ಆಂಟಿ. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದವರು, ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮದುವೆಯಾಗಿ ಅಡಿಲೇಡಿಗೆ ಬಂದ ಮೇಲೆ ಮತ್ತೆ ಓದಿ, ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ಮಾಡುವ ಕೆಲಸಕ್ಕೆ ಸೇರಿದರು. ಅಂಕಲ್‌ಗೆ ಫ್ರೀಮ್ಯಾಂಟಲ್ ಬಂದರಿನಲ್ಲಿ ಕ್ರೇನುಗಳ ವಿದ್ಯುತ್ ವಿಭಾಗದಲ್ಲಿ ಕೆಲಸ ಸಿಕ್ಕಾಗ ಇಬ್ಬರೂ ಪರ್ತ್‌ಗೆ ಬಂದರು. ಇಲ್ಲಿಯೂ ಒಂದು ಕ್ಲಿನಿಕ್ಕಿನಲ್ಲಿ ಆಂಟಿ ಅದೇ ಕೆಲಸ ಮಾಡಿದರು. ದಿನಕ್ಕೆ ಎಂಟು, ವರ್ಷಕ್ಕೆ ಇನ್ನೂರಿಪ್ಪತ್ತು ದಿನ, ಒಟ್ಟು ಇಪ್ಪತ್ತೇಳು ವರ್ಷ. ನಲವತ್ತೇಳು ಸಾವಿರಕ್ಕೂ ಹೆಚ್ಚು ಹೃದಯಗಳನ್ನು ಅವರು ಆ ಕತ್ತಲೆ ಕೋಣೆಯಲ್ಲಿ ಕೂತು ಅಳೆದಿದ್ದಾರೆ.

ಆ ಕೋಣೆಯಲ್ಲಿ ಅವರಿಗೆ ಎರಡು ನಿಯಮಗಳಿದ್ದವು. ಮನೆಯವರ ಎದೆಯನ್ನು ತಾನು ನೋಡಬಾರದು. ರೋಗಿ ಎಷ್ಟು ಕೇಳಿದರೂ "ಇನ್ನೂ ಟೈಮ್ ಇದೆ, ಯೋಚನೆ ಮಾಡ್ಬೇಡಿ" ಎಂದು ಹೇಳಬಾರದು. ಎಷ್ಟು ಟೈಮ್ ಇದೆ ಎಂಬುದು ಪರದೆಯ ಮೇಲೆ ಬರುವುದಿಲ್ಲ ಎಂದು ಅವರಿಗೆ ಚೆನ್ನಾಗಿ ತಿಳಿದಿತ್ತು.

ದೋಣಿಯ ಹೆಸರು ಮಾರ್ಗರೆಟ್. ಇಪ್ಪತ್ತೊಂದು ಅಡಿ ಉದ್ದದ ಹಳೆಯ ಫೈಬರ್‌ಗ್ಲಾಸ್ ದೋಣಿ; ಹಿಂದಿನ ಮಾಲೀಕ ತನ್ನ ತಾಯಿಯ ಹೆಸರಿಟ್ಟಿದ್ದನಂತೆ, ಅಂಕಲ್ ಬದಲಾಯಿಸಲಿಲ್ಲ. ಫ್ರೀಮ್ಯಾಂಟಲ್ ಸೇತುವೆಗಳಿಂದ ತುಸು ಮೇಲೆ ಒಂದು ಚಿಕ್ಕ ಜೆಟ್ಟಿಯಲ್ಲಿ ಅದನ್ನು ಕಟ್ಟಿರುತ್ತಿದ್ದರು. ಹೊಸ ಹಾಯಿ ಕೊಂಡ ದಿನ ಆಂಟಿ, "ಮಾರ್ಗರೆಟ್‌ಗೆ ಸೀರೆ ಬಂತು, ನನಗೆ ಯಾವಾಗ?" ಎಂದು ಕೇಳಿದ್ದರು. ಎರಡು ವರ್ಷದ ಹಿಂದೆ ಅಂಕಲ್ ಹೃದಯದ ಸ್ನಾಯು ಸಡಿಲಗೊಂಡಿದೆ ಎಂದು ತಿಳಿದಾಗ ಆಂಟಿ ಕೆಲಸ ಬಿಟ್ಟರು, ದೋಣಿ ನಡೆಸಲು ಕಲಿತರು. ಅಂಕಲ್‌ಗೆ ಇದ್ದ ಆಸೆ ಒಂದೇ. ಪಾಯಿಂಟ್ ವಾಲ್ಟರ್ ದಾಟಿದರೆ ನದಿ ಕೆರೆಯಷ್ಟು ಅಗಲವಾಗುತ್ತದೆ; ದೂರದಲ್ಲಿ ಪರ್ತ್ ನಗರದ ಕಟ್ಟಡಗಳು ನೀರಿನ ಮೇಲೆ ನಿಂತಂತೆ ಕಾಣುತ್ತವೆ. ಅಲ್ಲಿಗೆ ಆಂಟಿಯನ್ನು ಒಮ್ಮೆ ಕರೆದೊಯ್ಯಬೇಕು. ಡಾಕ್ಟರು ಬೇಡವೆಂದಿರಲಿಲ್ಲ. ಕೂತು ಚುಕ್ಕಾಣಿ ಹಿಡಿಯಬಹುದು. ಎಳೆಯುವುದು, ಎತ್ತುವುದು, ತಳ್ಳುವುದು ಕೂಡದು ಎಂದಿದ್ದರು.

ಮರಳಿಗೆ ಹತ್ತಿದ ಮಾರನೆಯ ದಿನ ಆಂಟಿ ತೀರ್ಪು ಕೊಟ್ಟರು. ಕೆಳಗೆ ಎಷ್ಟು ನೀರಿದೆ ಅಂತ ಗೊತ್ತಾಗುವ ತನಕ ಯಾರೂ ದೋಣಿ ಹತ್ತುವಂತಿಲ್ಲ.

ಹೀಗೆ ಆಳದ ಮಾಪಕದ, ಅಂದರೆ ಡೆಪ್ತ್ ಫೈಂಡರಿನ, ಹುಡುಕಾಟ ಶುರುವಾಯಿತು. ಅಂಕಲ್ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿ ಕೋಷ್ಟಕ ಬರೆದರು. ಬಣ್ಣದ ಪರದೆಯದು ಒಂದು, ಟಾರ್ಚಿನಂತೆ ಕೈಯಲ್ಲಿ ಹಿಡಿದು ನೀರಿಗೆ ಅದ್ದುವುದು ಒಂದು, ಬರೀ ಅಂಕಿ ತೋರಿಸುವ ಕಪ್ಪು ಬಿಳುಪಿನದು ಒಂದು. ಬ್ರಿಸ್ಬೇನಿನಲ್ಲಿ ಶಿಕ್ಷಕಿಯಾಗಿರುವ ಮಗಳು ಪ್ರಣತಿ ಫೋನಿನ ಪರದೆಯಿಂದಲೇ ಸಭೆಗೆ ಹಾಜರಾಗಿದ್ದಳು.

"ಅಪ್ಪಾ, ಜಸ್ಟ್ ಗೆಟ್ ದ ಕಲರ್ ಒನ್. ಇಟ್ ಶೋಸ್ ಫಿಶ್ ಆಲ್ಸೋ."

"ಮೀನು ತೋರಿಸಿದ್ರೆ ನಮಗೇನಾಗ್ಬೇಕು?" ಎಂದರು ಆಂಟಿ. "ನಾವೇನು ತಿನ್ನೋರಾ? ದೂರದಿಂದ ನಮಸ್ಕಾರ ಮಾಡಕ್ಕಾ?"

ಕೈಯಲ್ಲಿ ಹಿಡಿಯುವುದಕ್ಕೆ ಬೆಲೆ ಕಡಿಮೆ, ವೈರಿನ ಗೋಜಿಲ್ಲ. ಆದರೆ ಪ್ರತಿ ಸಲವೂ ದೋಣಿಯ ಅಂಚಿನಿಂದ ಬಗ್ಗಬೇಕು. ಬಗ್ಗಿದರೆ ಅಂಕಲ್‌ಗೆ ಉಸಿರು ಕಟ್ಟುತ್ತಿತ್ತು. ಆ ಸಾಲನ್ನು ಆಂಟಿಯೇ ಪೆನ್ಸಿಲಿನಿಂದ ಹೊಡೆದುಹಾಕಿದರು.

ಕೊನೆಗೆ ಎಲ್ಲವನ್ನೂ ತೀರ್ಮಾನಿಸಿದ್ದು ಬ್ಯಾಟರಿ. ಬಣ್ಣದ ಪರದೆಗೆ ಮುಕ್ಕಾಲು ಆಂಪಿಯರಿಗಿಂತ ಹೆಚ್ಚು ವಿದ್ಯುತ್ ಬೇಕು, ಅದಕ್ಕೆ ಬೆಳಗಿನಿಂದ ಸಂಜೆಯವರೆಗೆ ಉಣಿಸಲು ದೊಡ್ಡ ಬ್ಯಾಟರಿ ಬೇಕು. ಅಂಕಲ್ ಗ್ಯಾರೇಜಿನಲ್ಲಿದ್ದ ಸೀಸದ ಬ್ಯಾಟರಿ ಹದಿನಾಲ್ಕು ಕಿಲೋ. ಅದನ್ನು ಕಾರಿನಿಂದ ಜೆಟ್ಟಿಯ ತುದಿಗೆ ಹೊರುವವರು ಯಾರು? ನಾನು ಹೊರುತ್ತೇನೆ ಎಂದೆ. "ನೀನು ಬರದಿರೋ ದಿನ ಇವರು ಹೊರ್ತಾರೆ," ಎಂದರು ಆಂಟಿ. ಅಂಕಿ ಮಾತ್ರ ತೋರಿಸುವುದಕ್ಕೆ ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಆರು ಗಂಟೆ ನಡೆದರೂ ಒಂದು ಆಂಪಿಯರ್-ಅವರ್ ಆಗುವುದಿಲ್ಲ. ಇಟ್ಟಿಗೆಗಿಂತ ಚಿಕ್ಕದಾದ, ಒಂದು ಕಿಲೋ ತೂಗದ ಲಿಥಿಯಂ ಬ್ಯಾಟರಿ ಬಂತು. ಅಂಕಲ್ ಅದರ ಧನ ತುದಿಯಿಂದ ಒಂದು ಗೇಣು ದೂರದಲ್ಲೇ ಫ್ಯೂಸ್ ಕೂರಿಸಿದರು.

"ನೋಡು ವಿನಯ, ಫ್ಯೂಸ್ ಯಾವಾಗ್ಲೂ ಬ್ಯಾಟರಿ ಪಕ್ಕದಲ್ಲೇ ಇರ್ಬೇಕು. ವೈರ್ ಪೂರ್ತಿ ಸುಟ್ಟಮೇಲೆ ಫ್ಯೂಸ್ ಹೋದ್ರೆ ಏನು ಬಂತು?"

ಆ ಬ್ಯಾಟರಿಯ ವಾಸ ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕ. ಚಟ್ನಿ ರುಬ್ಬುವಾಗ ಚಾರ್ಜರ್ ಕೀಳಬೇಕಾಗುತ್ತಿತ್ತು, ಅದಕ್ಕೂ ದಿನಾ ಒಂದು ಸಣ್ಣ ಜಗಳ.

ಇನ್ನು ಉಳಿದದ್ದು ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಗುಂಡಗಿನ ಬಿಲ್ಲೆ. ಅಂಗಡಿಯವರು ಅದನ್ನು ಟ್ರಾನ್ಸ್‌ಡ್ಯೂಸರ್ ಎಂದರು, ಆಂಟಿ ಪ್ರೋಬ್ ಎಂದರು. ದೋಣಿಗೆ ತೂತು ಕೊರೆಯದೆ ಒಳಗಿನಿಂದಲೇ ತಳಕ್ಕೆ ಅಂಟಿಸಬಹುದು. ಗಟ್ಟಿ ಫೈಬರ್‌ಗ್ಲಾಸಿನ ಮೂಲಕ ಶಬ್ದ ಹಾಯುತ್ತದೆ. ನಡುವೆ ಗಾಳಿಯ ಒಂದು ಗುಳ್ಳೆ ಸಿಕ್ಕಿಕೊಂಡರೂ ಹಾಯುವುದಿಲ್ಲ. ಅಂಕಲ್ ಇದನ್ನು ಕೈಪಿಡಿಯಲ್ಲಿ ಓದಿ ಹೇಳುವಾಗ ಆಂಟಿ, "ಇದಕ್ಕೆ ಬುಕ್ ಓದ್ಬೇಕಾ? ಇಪ್ಪತ್ತೇಳು ವರ್ಷ ನಾನು ಜನದ ಎದೆಗೆ ಜೆಲ್ ಹಚ್ಚಿದ್ದು ಇನ್ಯಾಕೆ ಅಂದ್ಕೊಂಡ್ರಿ?" ಎಂದರು.

ಆಗಸ್ಟ್ ಕೊನೆಯಲ್ಲಿ ಒಂದು ಶನಿವಾರ ಜೆಟ್ಟಿಗೆ ಹೋದೆವು. ಆಂಟಿ ಸ್ಕ್ಯಾನಿನ ಜೆಲ್ ಬಾಟಲಿ ತಂದಿದ್ದರು. ಅಂಟಿಸುವ ಮೊದಲು ಒಳ್ಳೆಯ ಜಾಗ ಹುಡುಕಬೇಕು. ದೋಣಿಯ ಒಳಗೆ ಮಂಡಿಯೂರಿ, ತಳಕ್ಕೆ ಜೆಲ್ ಸುರಿದು, ಪ್ರೋಬ್ ಒತ್ತಿ, ಕೂದಲೆಳೆಯಷ್ಟು ಓರೆ ಮಾಡುತ್ತ ಹೋದರು. ನಿವೃತ್ತರಾಗಿ ಎರಡು ವರ್ಷವಾಗಿದ್ದರೂ ಆ ಮಣಿಕಟ್ಟು ಮರೆತಿರಲಿಲ್ಲ. ಪರದೆಯಲ್ಲಿ ಮೊದಲು ಬರೀ ಗೆರೆಗಳಿದ್ದವು. ಆಮೇಲೆ 2.1 ಎಂದು ಬಂದು ನಿಂತಿತು. ಅಂಕಲ್ ಹೊರಗೆ ಕೂತು ದಾರಕ್ಕೆ ಕಟ್ಟಿದ ಗುಂಡನ್ನು ನೀರಿಗಿಳಿಸಿ ಟೇಪಿನಲ್ಲಿ ಅಳೆದರು. ಎರಡು ಮೀಟರ್ ಮೂವತ್ತು ಸೆಂಟಿಮೀಟರ್. ಪ್ರೋಬ್ ಇದ್ದ ಜಾಗ ನೀರಿನ ಮಟ್ಟಕ್ಕಿಂತ ಇಪ್ಪತ್ತು ಸೆಂಟಿಮೀಟರ್ ಕೆಳಗೆ. ಲೆಕ್ಕ ಸರಿಹೋಯಿತು.

"ಏನ್ ಡಾಕ್ಟ್ರೇ, ಮಾರ್ಗರೆಟ್ ಹಾರ್ಟ್ ಹೇಗಿದೆ?" ಅಂಕಲ್ ಮೇಲಿನಿಂದ ಕೂಗಿದರು.

"ನಿಮ್ಮದಕ್ಕಿಂತ ವಾಸಿ!"

ಆಂಟಿ ಪ್ರೋಬನ್ನು ಅಲ್ಲೇ ಒತ್ತಿ ಹಿಡಿದರು. ನಾನು ಪೆನ್ಸಿಲಿನಿಂದ ಆ ಜಾಗದ ಸುತ್ತ ಗುರುತು ಹಾಕಿದೆ.

ಪರದೆ ಯಾವ ಅಂಕಿ ತೋರಿಸಬೇಕು ಎಂಬುದಕ್ಕೂ ಒಂದು ವಾದವಾಯಿತು. ಮಾರ್ಗರೆಟ್‌ನ ಹೊಟ್ಟೆಯಿಂದ ಕೆಳಕ್ಕೆ ಇಳಿದಿರುವ ಭಾರವಾದ ಹಲಗೆಗೆ ಕೀಲ್ ಎನ್ನುತ್ತಾರೆ. ಅದರ ತುದಿ ನೀರಿನ ಮಟ್ಟದಿಂದ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಕೆಳಗಿದೆ. ಮಾಪಕವನ್ನು ಎರಡು ರೀತಿ ಹೊಂದಿಸಬಹುದು. ನೀರಿನ ಪೂರ್ತಿ ಆಳ ತೋರಿಸು ಎನ್ನಬಹುದು, ಇಲ್ಲವೇ ಕೀಲ್ ಕೆಳಗೆ ಎಷ್ಟು ನೀರು ಉಳಿದಿದೆ ಅಷ್ಟು ಮಾತ್ರ ತೋರಿಸು ಎನ್ನಬಹುದು.

"ಪೂರ್ತಿ ಆಳಾನೇ ಇರ್ಲಿ. ನದಿ ನಿಜವಾಗ್ಲೂ ಎಷ್ಟಿದೆಯೋ ಅದು ಗೊತ್ತಾಗ್ಬೇಕು," ಎಂದರು ಅಂಕಲ್.

"ನನಗೆ ನದಿ ಎಷ್ಟಿದ್ರೆ ಏನು? ನಮಗೆ ಎಷ್ಟು ಉಳಿದಿದೆ, ಅದನ್ನ ಹೇಳ್ಲಿ."

ಅಂಕಲ್ ಹೆಂಡತಿಯ ಮುಖವನ್ನು ಒಂದು ಕ್ಷಣ ನೋಡಿ, ಅವರು ಹೇಳಿದಂತೆಯೇ ಗುಂಡಿ ಒತ್ತಿದರು.

ಸೆಪ್ಟೆಂಬರ್ ಆರರ ಶನಿವಾರ ಪ್ರೋಬನ್ನು ಅಂಟಿನಿಂದ ಶಾಶ್ವತವಾಗಿ ಕೂರಿಸಿದೆವು. ಗುಳ್ಳೆ ಏಳದಂತೆ ಆಂಟಿ ಅಂಟನ್ನು ಪಾಯಸ ಕದಡುವ ಹಾಗೆ ನಿಧಾನವಾಗಿ ಕಲಸಿದರು. ಅದು ಒಣಗಲು ಇಪ್ಪತ್ತನಾಲ್ಕು ಗಂಟೆ ಬೇಕು. ಭಾನುವಾರ ಸಂಜೆ ಪರೀಕ್ಷೆ ಮಾಡಿದೆವು. ಕೀಲ್ ಕೆಳಗೆ 1.1 ಮೀಟರ್ ಎಂದು ಬಂತು. ಅಂಕಲ್ ಚಪ್ಪಾಳೆ ತಟ್ಟಿದರು.

"ನಾಳೆ ಗಾಳಿ ವೇಗ ಒಂಬತ್ತು ನಾಟ್ ಅಂತೆ, ಹದವಾಗಿದೆ. ನಾಳೇನೇ ಹೋಗ್ಬಿಡೋಣ."

"ನಾಳೆಯಿಂದ ಪಕ್ಷಮಾಸ ಕಣ್ರೀ," ಎಂದರು ಆಂಟಿ. "ಪಿತೃಪಕ್ಷದಲ್ಲಿ ಹೊಸ ಸಾಮಾನು ಉಪಯೋಗಿಸಕ್ಕೆ ಶುರು ಮಾಡ್ತಾರಾ? ಅಮಾವಾಸ್ಯೆ ಕಳೀಲಿ."

ಆಂಟಿ ಅಂಥ ಆಚಾರದ ಮನುಷ್ಯರಲ್ಲ. ಅಡಿಲೇಡಿನ ಮನೆಯನ್ನು ಆಷಾಢದಲ್ಲೇ ಕೊಂಡವರು, ಗ್ರಹಣದ ಹೊತ್ತಿನಲ್ಲಿ ಕಾಫಿ ಕುಡಿದವರು. ಆದರೆ ಕಾಯಿಲೆ ಮನೆಗೆ ಬಂದಮೇಲೆ, ಅಮ್ಮ ಪಾಲಿಸುತ್ತಿದ್ದುದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದ್ದರು. ಯಾವುದೊಂದನ್ನೂ ತಪ್ಪಿಸಬಾರದು ಎಂಬ ಭಯ ಅವರಿಗೆ ಹತ್ತಿತ್ತು. ಅಂಕಲ್ ಅದನ್ನು ಅರ್ಥ ಮಾಡಿಕೊಂಡಿದ್ದರು. "ಆಯ್ತು ಬಿಡು, ಕಾಯೋಣ," ಎಂದಷ್ಟೇ ಹೇಳಿ ಬ್ಯಾಟರಿಯನ್ನು ಮನೆಗೆ ತಂದರು.

ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ಅಂಕಲ್ ಬ್ಯಾಟರಿಗೆ ವೋಲ್ಟ್ ಮೀಟರಿನ ಕಡ್ಡಿ ಮುಟ್ಟಿಸಿ ನೋಡುತ್ತಿದ್ದರು. "ಹದಿಮೂರು ಪಾಯಿಂಟ್ ಮೂರು. ಒಂಚೂರೂ ಇಳಿದಿಲ್ಲ ಕಣೇ."

ಸೆಪ್ಟೆಂಬರ್ ಹದಿನೇಳರಂದು ಅವರು ನನಗೆ ಫೋನ್ ಮಾಡಿದರು. ನಾನು ಕೆಲಸ ಮಾಡುವ ನೀರಿನ ಪರೀಕ್ಷಾಲಯದಲ್ಲಿ ಆಗ ಊಟದ ಬಿಡುವು.

"ವಿನಯ, ನಾಳೆ ಬಿಸಿಲಿದೆ, ಎಂಟು ನಾಟ್ ಗಾಳಿ. ನಮ್ಮ ಡಾಕ್ಟರ್ರೂ ಹೂಂ ಅಂದಿದ್ದಾರೆ, ಫ್ರೀಮ್ಯಾಂಟಲ್ ಡಾಕ್ಟರೂ ಹೂಂ ಅಂತಿದಾನೆ." ಮಧ್ಯಾಹ್ನ ಸಮುದ್ರದಿಂದ ಬೀಸುವ ಗಾಳಿಯನ್ನು ಇಲ್ಲಿಯವರು ಹಾಗೆ ಕರೆಯುತ್ತಾರೆ. "ಮನೆ ಡಾಕ್ಟರದ್ದೇ ಕಷ್ಟ. ನೀನೊಂದ್ಮಾತು ಹೇಳಿ ನೋಡಪ್ಪ."

ಸಂಜೆ ಹೋಗಿ ಕೇಳಿದೆ. ಆಂಟಿ ಹುರುಳಿಕಾಯಿ ಹೆಚ್ಚುತ್ತಿದ್ದರು. "ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ ಕಣಪ್ಪ. ಟೈಮ್ ಇದೆ. ಯಾಕಿಷ್ಟು ಅವಸರ?" ಎಂದರು. ಹೇಳಿ ಮುಗಿಸಿದ ಕೂಡಲೇ ಚಾಕು ನಿಂತಿತು. ಮತ್ತೆ ಹೆಚ್ಚತೊಡಗಿದರು. ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತು.

ಅಮಾವಾಸ್ಯೆ ಕಳೆದು ನವರಾತ್ರಿ ಬಂತು. ಇಷ್ಟು ಕಾದಿದ್ದೇವೆ, ಅಕ್ಟೋಬರ್ ಒಂದಕ್ಕೆ ಆಯುಧಪೂಜೆ, ಹೊಸ ಯಂತ್ರಕ್ಕೆ ಕುಂಕುಮ ಇಟ್ಟು ಮಾರನೆಯ ದಿನ ದಶಮಿಗೆ ಹೊರಡೋಣ ಎಂದರು ಆಂಟಿ. ಅಂಕಲ್ ಅದಕ್ಕೂ ಒಪ್ಪಿದರು. ನನಗೆ ಎರಡನೇ ತಾರೀಕಿಗೆ ರಜೆ ಹಾಕಲು ಹೇಳಿದರು. ಹಾಕಿದೆ.

ಸೆಪ್ಟೆಂಬರ್ ಮೂವತ್ತರ ಮಂಗಳವಾರ ಆಂಟಿ ಪೂಜೆಗೆ ಬೇಕಾದ್ದನ್ನೆಲ್ಲ ಒರೆಸಿ ಮಣೆಯ ಮೇಲೆ ಜೋಡಿಸುತ್ತಿದ್ದರು. ಮಾಪಕದ ಪರದೆ, ಬ್ಯಾಟರಿ, ಸ್ಕ್ರೂಡ್ರೈವರ್, ಅಂಕಲ್ ಅವರ ಮೀಟರು, ಕೊನೆಗೆ ಮಿಕ್ಸಿ. ಊಟವಾದ ಮೇಲೆ ಅಂಕಲ್ ಹಿಂದಿನ ವರಾಂಡದ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಮೂರು ಗಂಟೆ ಹತ್ತು ನಿಮಿಷಕ್ಕೆ ಆಂಟಿ ಕಾಫಿ ಹಿಡಿದು ಹೋದಾಗ ಅವರು ಏಳಲಿಲ್ಲ. ಎದೆ ಒತ್ತುವುದು ಆಂಟಿಗೆ ಗೊತ್ತಿತ್ತು. ಅವರನ್ನು ನೆಲಕ್ಕೆ ಇಳಿಸಿ, ಆಂಬುಲೆನ್ಸ್ ಬರುವವರೆಗೆ, ಒಂಬತ್ತು ನಿಮಿಷ, ಒಬ್ಬರೇ ಒತ್ತಿದರು. ಆಂಬುಲೆನ್ಸಿನವರು ಭುಜ ಹಿಡಿದು ಪಕ್ಕಕ್ಕೆ ಸರಿಸಿದಾಗಲೂ ಅವರ ಕೈಗಳು ಗಾಳಿಯಲ್ಲೇ ಎರಡು ಸಲ ಒತ್ತಿದವು ಎಂದು ಆಮೇಲೆ ಅವರೇ ನನಗೆ ಹೇಳಿದರು.

ಸೂತಕದ ಮನೆಯಲ್ಲಿ ಪೂಜೆಯಿಲ್ಲ. ಮಣೆಯ ಮೇಲಿದ್ದುದನ್ನು ಹಾಗೆಯೇ ಎತ್ತಿ ನಾನು ಗ್ಯಾರೇಜಿನಲ್ಲಿಟ್ಟೆ.

ಅಸ್ಥಿ ಕೈಗೆ ಬರಲು ಎರಡು ವಾರ ಹಿಡಿಯಿತು. ಎಲ್ಲಿ ಬಿಡುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಬ್ರಿಸ್ಬೇನಿನಿಂದ ಬಂದಿದ್ದ ಪ್ರಣತಿ ಅನುಮತಿಯ ವಿಚಾರ ನೋಡಿಕೊಂಡಳು. ಅಕ್ಟೋಬರ್ ಮೂರನೇ ಭಾನುವಾರ ಬೆಳಿಗ್ಗೆ ಆಂಟಿ ಬ್ಯಾಟರಿಯನ್ನು ಒಂದೇ ಕೈಯಲ್ಲಿ ಹಿಡಿದು ಜೆಟ್ಟಿಯ ತುದಿಗೆ ನಡೆದರು. ಪ್ರಣತಿಯ ಮಡಿಲಲ್ಲಿ ಪೆಟ್ಟಿಗೆ ಇತ್ತು. ಚುಕ್ಕಾಣಿ ನನ್ನದು.

ಆಂಟಿ ಪರದೆಯ ಎದುರು ಕೂತು ಅಂಕಿಗಳನ್ನು ಗಟ್ಟಿಯಾಗಿ ಓದುತ್ತ ಬಂದರು. "ಮೂರು ಪಾಯಿಂಟ್ ಎಂಟು. ಮೂರು ಪಾಯಿಂಟ್ ಒಂದು. ಎರಡು. ಒಂದು ಪಾಯಿಂಟ್ ನಾಲ್ಕು."

"ಅಮ್ಮಾ, ಪ್ಲೀಸ್. ಸ್ಟಾಪ್ ರೀಡಿಂಗ್ ಇಟ್," ಎಂದಳು ಪ್ರಣತಿ, ಅಳುತ್ತ.

"ಓದಕ್ಕೇ ಅಲ್ವೇನೇ ಹಾಕ್ಸಿದ್ದು. ವಿನಯ, ಸೊನ್ನೆ ಪಾಯಿಂಟ್ ಎಂಟು. ಎಡಕ್ಕೆ ತಗೋ."

ಕಂಬವನ್ನು ಸುತ್ತಿದೆವು. ಅಂಕಿಗಳು ಏರತೊಡಗಿದವು. ಯಂತ್ರ ಒಮ್ಮೆಯೂ ತಪ್ಪಲಿಲ್ಲ. ನದಿ ಅಗಲವಾಯಿತು, ದೂರದಲ್ಲಿ ನಗರದ ಕಟ್ಟಡಗಳು ನೀರಿನ ಮೇಲೆ ನಿಂತಂತೆ ಕಂಡವು. ಆಂಟಿ ಅವನ್ನು ನೋಡಲೇ ಇಲ್ಲ. 5.9 ಎಂದು ಬಂದಾಗ ನಿಲ್ಲಿಸು ಎಂದರು. ನಾನು ಹಾಯಿ ಸಡಿಲಿಸಿದೆ.

ಪೆಟ್ಟಿಗೆ ತೆರೆಯುವ ಮೊದಲು ಅವರು ಮಾಪಕದ ಗುಂಡಿ ಒತ್ತಿ ಏನನ್ನೋ ಬದಲಾಯಿಸುತ್ತಿದ್ದರು. ಮೂರು ಸಲ ಪ್ರಯತ್ನಿಸಬೇಕಾಯಿತು. ನಾನು ಸಹಾಯಕ್ಕೆ ಹೋಗಲಿಲ್ಲ. ಪರದೆಯಲ್ಲಿ 7.1 ಎಂದು ಬಂತು. ಅದು ನೀರಿನ ಪೂರ್ತಿ ಆಳ.

"ಅವರು ಕೇಳಿದ್ದು ಇದನ್ನ," ಎಂದರು ಆಂಟಿ. "ರೀ, ಏಳು ಪಾಯಿಂಟ್ ಒಂದು."

ಪ್ರಣತಿ ಬ್ರಿಸ್ಬೇನಿಗೆ ಮರಳಿದ ಮೇಲೆ, ನವೆಂಬರ್ ಮೊದಲ ವಾರದಲ್ಲಿ, ಆಂಟಿ ನನ್ನನ್ನು ಕರೆದರು. ಬ್ಯಾಟರಿ ಮತ್ತೆ ಮಿಕ್ಸಿಯ ಪಕ್ಕಕ್ಕೆ ಬಂದಿತ್ತು.

"ಸೆಪ್ಟೆಂಬರ್ ಎಂಟರಿಂದ ಇಪ್ಪತ್ತೊಂಬತ್ತರ ತನಕ ದಿನದಿನದ ಗಾಳಿ ಮಳೆ ಲೆಕ್ಕ ಎಲ್ಲಾದ್ರೂ ಸಿಗತ್ತೇನಪ್ಪ?"

"ಸಿಗತ್ತೆ ಆಂಟಿ. ಹವಾಮಾನ ಇಲಾಖೆಯವರು ಇಟ್ಟಿರ್ತಾರೆ. ಯಾಕೆ?"

"ಇವರು ಹಾಕ್ಕೊಂಡಿದ್ದ ಕಂಡೀಷನ್ ನಿನಗೆ ಗೊತ್ತಲ್ಲ. ಗಾಳಿ ಐದರಿಂದ ಹನ್ನೆರಡು ನಾಟ್, ಮಳೆ ಇರ್ಬಾರ್ದು, ಹದಿನೇಳು ಡಿಗ್ರಿ ಮೇಲಿರ್ಬೇಕು. ಹಾಗಿದ್ದ ದಿನ ಎಷ್ಟು ಅಂತ ನೋಡಿ ಹೇಳು."

ಇಪ್ಪತ್ತೆರಡು ದಿನಗಳ ಅಂಕಿಅಂಶ ತೆಗೆದು, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನದನ್ನು ಬೇರ್ಪಡಿಸಿ, ಎರಡು ಸಲ ಎಣಿಸಿದೆ. ಎರಡು ಸಲವೂ ಒಂದೇ ಉತ್ತರ. ಎರಡೋ ಮೂರೋ ಎಂದು ಹೇಳಿಬಿಡಬಹುದಿತ್ತು. ಇಡೀ ದಿನ ಆ ಬಗ್ಗೆಯೇ ಯೋಚಿಸಿದೆ. ಆದರೆ ಕೇಳಿದವರು ನಲವತ್ತೇಳು ಸಾವಿರ ಹೃದಯಗಳ ಅಂಕಿಯನ್ನು, ಅದು ಎಂಥದ್ದೇ ಆಗಿರಲಿ, ಇದ್ದದ್ದು ಇದ್ದ ಹಾಗೆ ಬರೆದು ಕೊಟ್ಟವರು.

"ಒಂಬತ್ತು ದಿನ, ಆಂಟಿ."

ಅವರು ಕಿಟಕಿಯ ಕಡೆ ನೋಡಿದರು. ಪಕ್ಕದ ಮನೆಯ ನೀಲಗಿರಿ ಮರದ ತುದಿ ಅಲ್ಲಿಂದ ಕಾಣುತ್ತದೆ.

"ನಾನು ಹನ್ನೊಂದು ಅಂತ ಇಟ್ಕೊಂಡಿದ್ದೆ. ದಿನಾ ಬೆಳಿಗ್ಗೆ ಈ ಮರ ನೋಡ್ತಿದ್ದೆ. ಇವತ್ತು ಹೋಗ್ಬಹುದಿತ್ತು, ಇವತ್ತೂ ಹೋಗ್ಬಹುದಿತ್ತು ಅಂತ. ಅವರಿಗೆ ಮಾತ್ರ ಹೇಳ್ಲಿಲ್ಲ."

ನಾನು ಹಾಳೆಯನ್ನು ಮತ್ತೊಮ್ಮೆ ನೋಡಿದೆ. "ಹನ್ನೆರಡನೇ ತಾರೀಕು, ಇಪ್ಪತ್ಮೂರನೇ ತಾರೀಕು ನದಿ ಕಡೆ ಮಳೆ ಬಂದಿದೆ ಆಂಟಿ. ಮೋರ್ಲಿಗೆ ಬಂದಿರಲಿಲ್ಲ. ಆ ಎರಡು ದಿನ ಆಗ್ತಿರಲಿಲ್ಲ."

"ನಿಜವಾಗ್ಲೂ ಮಳೆ ಬಂದಿತ್ತಾ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

ಹಾಳೆಯನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಆ ಎರಡು ಸಾಲುಗಳ ಮೇಲೆ ಬೆರಳಿಟ್ಟು, ಮಿಲಿಮೀಟರುಗಳನ್ನು ತುಟಿ ಅಲುಗಿಸುತ್ತ ಓದಿದರು.

"ಸದ್ಯ," ಎಂದರು. "ಎರಡು ಕಮ್ಮಿ ಆಯ್ತು."